ರೋಗ ತಗುಲಿದ ಎಲೆಯ ಫೋಟೋ ತೆಗೆಯುವ ಬಗೆ

ಅಡಿಕೆ ಮರದ ಸೋಗೆ ಹಳದಿಯಾಗತೊಡಗಿದರೆ, ಇಲ್ಲವೆ ಕಾಫಿ ಗಿಡವೊಂದು ಇದ್ದಕ್ಕಿದ್ದಂತೆ ಬಾಡಿದರೆ, ಹಿಂದೆ ಬೆಳೆಗಾರನು ಆ ಎಲೆಯನ್ನು ಕೊಯ್ದು ಕಾಗದದಲ್ಲಿ ಸುತ್ತಿಕೊಂಡು ವಿಟ್ಲಕ್ಕೋ ಬಾಳೆಹೊನ್ನೂರಿಗೋ ಬಸ್ಸು ಹತ್ತಬೇಕಾಗಿತ್ತು. ಸಂಶೋಧನಾ ಕೇಂದ್ರದ ಮೇಜಿನ ಮೇಲೆ ಕಟ್ಟು ಬಿಚ್ಚುವ ಹೊತ್ತಿಗೆ ಎಲೆ ಮುದುರಿ ಬಣ್ಣಗೆಟ್ಟು, ರೋಗದ ಗುರುತು ಯಾವುದು, ಪ್ರಯಾಣದ ಗುರುತು ಯಾವುದು ಎಂದು ತಿಳಿಯದಂತಾಗಿರುತ್ತಿತ್ತು. ಈಗ ಡಿಜಿಟಲ್ ಕ್ಯಾಮರಾ ಮನೆಮನೆಗೂ ಬಂದಿದೆ. ಬೇರೆ ಕ್ಯಾಮರಾ ಇಲ್ಲದವರ ಕಿಸೆಯಲ್ಲಿಯೂ ಮೊಬೈಲ್ ಫೋನಿನೊಳಗೆ ಒಂದು ಇದ್ದೇ ಇರುತ್ತದೆ. ಮರದ ಬುಡದಲ್ಲಿ ನಿಂತೇ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವುದು ನಮ್ಮ ಸದಸ್ಯರಿಗೆಲ್ಲ ರೂಢಿಯಾಗಿದೆ.

ಆದರೆ ಚಿತ್ರ ತಲುಪಿದ ಮಾತ್ರಕ್ಕೆ ರೋಗ ತಿಳಿಯಿತೆಂದು ಅರ್ಥವಲ್ಲ. ಮಸುಕಾದ ಚಿತ್ರವನ್ನು ನೋಡಿದವರು ಸರಿಯಾಗಿ ಕಾಣುವುದಿಲ್ಲವೆಂದು ಹೇಳಬಹುದು. ಇಲ್ಲವೆ ಊಹೆಯ ಮೇಲೆ ಒಂದು ಔಷಧಿ ಸೂಚಿಸಬಹುದು. ಎರಡನೆಯದೇ ನಮಗೆ ಹೆಚ್ಚು ನಷ್ಟದ್ದು. ಅಡಿಕೆಯಲ್ಲಿ ಎಲೆ ಹಳದಿಯಾಗುವುದನ್ನೇ ತೆಗೆದುಕೊಳ್ಳೋಣ. ಎಲೆಚುಕ್ಕಿ ರೋಗ ಶಿಲೀಂಧ್ರದಿಂದ ಬರುವಂಥದು, ಅದಕ್ಕೆ ಶಿಲೀಂಧ್ರನಾಶಕದ ಸಿಂಪಡಣೆ ಇದೆ. ಹಳದಿ ಎಲೆ ರೋಗವಾದರೋ ಫೈಟೋಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದು, ಅದು ಯಾವ ಸಿಂಪಡಣೆಯಿಂದಲೂ ಗುಣವಾಗುವುದಿಲ್ಲ. ಇನ್ನು ಬಸಿಗಾಲುವೆ ಹೂಳು ತುಂಬಿ, ಬೇರಿನಲ್ಲಿ ನೀರು ನಿಂತು ಸೋಗೆ ಹಳದಿಯಾಗಿದ್ದರೆ ಬೇಕಾದುದು ಗುದ್ದಲಿಯೇ ಹೊರತು ಔಷಧಿಯಲ್ಲ. ಮೂರೂ ದೂರದಿಂದ ಒಂದೇ ತೆರನಾಗಿ ಕಾಣುತ್ತವೆ. ಕೊನೆಗಾರನ ಕೂಲಿ, ಔಷಧಿಯ ಬೆಲೆ, ಮಳೆ ಬಿಡುವು ಕೊಟ್ಟ ನಾಲ್ಕು ದಿನ, ಇವೆಲ್ಲವೂ ಒಂದು ಚಿತ್ರವನ್ನು ನಂಬಿ ಖರ್ಚಾಗುತ್ತವೆ. ಆದುದರಿಂದ ಚಂದದ ಫೋಟೋ ಅಲ್ಲ, ರೋಗವನ್ನು ಸುಳ್ಳಾಡದೆ ತೋರಿಸುವ ಫೋಟೋ ತೆಗೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಎಷ್ಟು ಹತ್ತಿರ?

ಡಿಜಿಟಲ್ ಚಿತ್ರವೆಂದರೆ ಲೆಕ್ಕದ ಚುಕ್ಕಿಗಳ ರಂಗೋಲಿ. ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಮೆರಿಕದ ರಾಚೆಸ್ಟರ್‌ನಲ್ಲಿ 1975ರಲ್ಲಿ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಉದ್ದಕ್ಕೆ 100, ಅಗಲಕ್ಕೆ 100, ಒಟ್ಟು 10,000 ಚುಕ್ಕಿಗಳಿದ್ದವು. ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿದ್ದ ಆ ಯಂತ್ರಕ್ಕೆ ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಈಗಿನ ಸಾಮಾನ್ಯ ಫೋನು ಕೊಡುವ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಉದ್ದಕ್ಕೆ ಸುಮಾರು 4,000, ಅಗಲಕ್ಕೆ ಸುಮಾರು 3,000 ಚುಕ್ಕಿಗಳಿರುತ್ತವೆ. ಫೋನಿನ ಬೆನ್ನಿನ ಮೇಲೆ 50 ಎಂದೋ 108 ಎಂದೋ ಬರೆದಿದ್ದರೂ, ಹಲವು ಚುಕ್ಕಿಗಳನ್ನು ಒಂದಾಗಿ ಸೇರಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಅದು ಸಾಮಾನ್ಯವಾಗಿ ಕೊಡುತ್ತದೆ. ಅಂಗಡಿಯವನು ಹೇಳುವ ಅಂಕಿಗೆ ಮರುಳಾಗಬೇಕಾಗಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಹತ್ತು ಮೀಟರ್ ಎತ್ತರದ ಅಡಿಕೆ ಮರವನ್ನು ಬುಡದಿಂದ ತುದಿಯವರೆಗೆ ಒಂದೇ ಚಿತ್ರದಲ್ಲಿ ತೆಗೆದರೆ ಎರಡೂವರೆ ಮಿಲಿಮೀಟರಿಗೆ ಒಂದು ಚುಕ್ಕಿಯಂತೆ ಬೀಳುತ್ತದೆ. ಎಲೆಚುಕ್ಕಿ ರೋಗದ ಆರಂಭದ ಕಲೆ ಎರಡು ಮಿಲಿಮೀಟರ್ ಇದ್ದರೆ ಅದಕ್ಕೆ ಒಂದು ಪೂರ್ತಿ ಚುಕ್ಕಿಯೂ ದೊರೆಯಲಿಲ್ಲ. ಅಂಥ ಚಿತ್ರವನ್ನು ತಜ್ಞರು ಎಷ್ಟು ಹಿಗ್ಗಿಸಿ ನೋಡಿದರೂ ಇಲ್ಲದ ವಿವರ ಬರಲಾರದು. ಅದೇ ಕ್ಯಾಮರಾದಲ್ಲಿ ಎಲೆಯ 20 ಸೆಂಟಿಮೀಟರ್ ಭಾಗವನ್ನಷ್ಟೇ ತುಂಬಿಸಿ ತೆಗೆದರೆ ಒಂದು ಮಿಲಿಮೀಟರಿಗೆ 20 ಚುಕ್ಕಿಗಳು, ಆ ಕಲೆಯ ಅಗಲಕ್ಕೆ 40 ಚುಕ್ಕಿಗಳು. ಕಲೆಯ ನಡುವಿನ ಕಂದು, ಅದರ ಸುತ್ತಲಿನ ಹಳದಿ ಅಂಚು ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಪರದೆಯ ಮೇಲೆ ಎರಡು ಬೆರಳಿಟ್ಟು ಮೂರು ಪಟ್ಟು, ಹತ್ತು ಪಟ್ಟು ಎಂದು ಹಿಗ್ಗಿಸುವುದರಿಂದ ಬಹುಮಟ್ಟಿಗೆ ಇರುವ ಚುಕ್ಕಿಗಳೇ ದೊಡ್ಡದಾಗುವುವೇ ಹೊರತು ಹೊಸವು ಹುಟ್ಟುವುದಿಲ್ಲ. ಹತ್ತಿರ ಹೋಗುವುದೇ ಸರಿ.

ಹಾಗೆಂದು ಮೂಗು ತಾಗಿಸುವಷ್ಟು ಹತ್ತಿರ ಹೋಗಬಾರದು. ಪ್ರತಿಯೊಂದು ಮಸೂರಕ್ಕೂ ಇಷ್ಟಕ್ಕಿಂತ ಹತ್ತಿರದ್ದು ಸ್ಪಷ್ಟವಾಗಿ ಕಾಣದೆಂಬ ಮಿತಿಯಿದೆ. ಫೋನಿನಲ್ಲಿ ಒಂದು ಗೇಣಿನಷ್ಟು ದೂರವಿಟ್ಟು ತೆಗೆಯುವುದು ಕ್ಷೇಮ. ಬೇಕಾದ ಭಾಗವನ್ನು ಅನಂತರ ಕತ್ತರಿಸಿಕೊಳ್ಳಬಹುದು. ಕೆಲವು ಅಗ್ಗದ ಫೋನುಗಳಲ್ಲಿ ಮ್ಯಾಕ್ರೋ ಎಂದು ಬೇರೆಯೇ ಒಂದು ಮಸೂರವಿರುತ್ತದೆ. ಎರಡು ಮೆಗಾಪಿಕ್ಸೆಲ್ಲಿನ ಆ ಮಸೂರಕ್ಕಿಂತ ಮುಖ್ಯ ಮಸೂರದಲ್ಲಿ ಗೇಣು ದೂರದಿಂದ ತೆಗೆದದ್ದೇ ಬಹುಪಾಲು ಚೆನ್ನಾಗಿರುತ್ತದೆ. ಪ್ರತ್ಯೇಕ ಕ್ಯಾಮರಾ ಇದ್ದವರು ಹೂವಿನ ಗುರುತಿನ ಗುಂಡಿಯನ್ನು ಒತ್ತಿಕೊಳ್ಳತಕ್ಕದ್ದು. ಎಲೆಯಡಿಯ ನುಸಿಯಂಥ ಸಣ್ಣ ಜೀವಿಗಳಿಗೆ ಹತ್ತು ಪಟ್ಟಿನ ಕೈಮಸೂರವನ್ನು ಫೋನಿನ ಮಸೂರಕ್ಕೆ ಒತ್ತಿ ಹಿಡಿದು ತೆಗೆದು ನೋಡಿ, ಆಶ್ಚರ್ಯಪಡುತ್ತೀರಿ.

ಚಿತ್ರದಲ್ಲಿ ಅಳತೆಯೂ ಇರಬೇಕು. ನಾಣ್ಯ ಇಡುವುದು ಹಲವರ ಪದ್ಧತಿ. ಆದರೆ ಬೇರೆ ಬೇರೆ ವರ್ಷ ಟಂಕಿಸಿದ ಒಂದು ರೂಪಾಯಿ ನಾಣ್ಯಗಳ ಗಾತ್ರವೇ ಬೇರೆ ಬೇರೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿ ಎಲ್ಲಕ್ಕಿಂತ ಉತ್ತಮ.

ಬಣ್ಣವೆಂಬ ತೊಡಕು

ಚುಕ್ಕಿಗಳ ಲೆಕ್ಕಕ್ಕಿಂತ ಹೆಚ್ಚು ಮೋಸ ಮಾಡುವುದು ಬಣ್ಣ. ಹಳದಿಯೋ ಹಸಿರೋ ಎಂಬುದರ ಮೇಲೆಯೇ ನಮ್ಮ ಪ್ರಶ್ನೆ ನಿಂತಿರುವಾಗ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಕ್ಯಾಮರಾದೊಳಗಿನ ಬೆಳಕು ಗ್ರಹಿಸುವ ಬಿಲ್ಲೆಗೆ ತಾನಾಗಿ ಬಣ್ಣ ತಿಳಿಯದು, ಬೆಳಕು ಹೆಚ್ಚೋ ಕಡಿಮೆಯೋ ಎಂಬುದಷ್ಟೇ ತಿಳಿಯುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರು 1976ರಲ್ಲಿ ಪೇಟೆಂಟ್ ಪಡೆದ ಉಪಾಯದಂತೆ, ಆ ಬಿಲ್ಲೆಯ ಮೇಲೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಎಂಬ ಲೆಕ್ಕದಲ್ಲಿ ಸಣ್ಣ ಸಣ್ಣ ಬಣ್ಣದ ಗಾಜುಗಳನ್ನು ಹೊದಿಸಿದಂತೆ ಇರುತ್ತದೆ. ಇಂದಿಗೂ ಬಹುತೇಕ ಕ್ಯಾಮರಾಗಳಲ್ಲಿ ಇದೇ ವ್ಯವಸ್ಥೆ. ಒಂದೊಂದು ಚುಕ್ಕಿಗೂ ಸಿಗುವುದು ಒಂದೇ ಬಣ್ಣದ ಸುದ್ದಿ. ಉಳಿದೆರಡನ್ನು ನೆರೆಹೊರೆಯ ಚುಕ್ಕಿಗಳಿಂದ ಊಹಿಸಿಕೊಳ್ಳಬೇಕು. ಅದರ ಮೇಲೆ ಇನ್ನೊಂದು ಊಹೆಯಿದೆ. ಬಿದ್ದ ಬೆಳಕು ಎಂಥದು, ಬಿಳಿಯದೋ ಕೆಂಪು ಛಾಯೆಯದೋ ಎಂದು ಕ್ಯಾಮರಾ ತಾನೇ ಅಂದಾಜು ಮಾಡಿ ಬಣ್ಣಗಳನ್ನು ತಿದ್ದುತ್ತದೆ. ಇದನ್ನೇ ವೈಟ್ ಬ್ಯಾಲೆನ್ಸ್ ಎನ್ನುವುದು.

ಮನೆಯಂಗಳದಲ್ಲಿ ಈ ಅಂದಾಜು ಸರಿಯಾಗಿಯೇ ಇರುತ್ತದೆ. ಅಡಿಕೆ ತೋಟದ ಒಳಗೆ ಹಾಗಲ್ಲ. ಅಲ್ಲಿಗಿಳಿಯುವ ಬೆಳಕು ಸೋಗೆಗಳ ಮೂಲಕ ಸೋಸಿ ಬಂದದ್ದು, ಹಸಿರು ಮಿಶ್ರಿತವಾದದ್ದು. ಸುತ್ತ ಕಾಣುವುದೆಲ್ಲ ಹಸಿರೇ. ಇಷ್ಟು ಹಸಿರು ಇರಲಾರದೆಂದು ಕ್ಯಾಮರಾ ಹಸಿರನ್ನು ತಗ್ಗಿಸುತ್ತದೆ, ಆರೋಗ್ಯವಂತ ಎಲೆಯೂ ಬಿಳಿಚಿದಂತೆ ಕಾಣುತ್ತದೆ. ಸಂಜೆ ಐದೂವರೆಯ ಇಳಿಬಿಸಿಲಿನಲ್ಲಿ ತೆಗೆದ ಒಳ್ಳೆಯ ಸೋಗೆಗೂ ರೋಗದ ಹಳದಿ ಬಂದಿರುತ್ತದೆ. ತಿಳಿ ಆಕಾಶದ ದಿನ ನೆರಳಿನಲ್ಲಿ ತೆಗೆದದ್ದಕ್ಕೆ ನೀಲಿ ಛಾಯೆ. ಕೆಲವು ಫೋನುಗಳು ಇದಕ್ಕೆ ತದ್ವಿರುದ್ಧ: ಎಲೆ ಕಂಡೊಡನೆ ಪ್ರಕೃತಿ ಚಿತ್ರವೆಂದು ಬಗೆದು ಹಸಿರನ್ನು ಗಾಢಗೊಳಿಸುತ್ತವೆ, ನಿಜವಾಗಿ ಹಳದಿಗಟ್ಟಿದ ಎಲೆಯೂ ಹುಲುಸಾಗಿ ಕಾಣುತ್ತದೆ. ಮದುವೆಯ ಫೋಟೋಕ್ಕೆ ಅಲಂಕಾರ ಸರಿ, ರೋಗಿಯ ಫೋಟೋಕ್ಕೆ ಬೇಡ. ಸೆಟ್ಟಿಂಗ್ಸ್‌ನಲ್ಲಿ ಎಐ, ಫಿಲ್ಟರ್ ಎಂದೆಲ್ಲ ಇರುವುದನ್ನು ಮೊದಲು ನಿಲ್ಲಿಸಬೇಕು.

ಇದಕ್ಕೆ ಪರಿಹಾರ ಖರ್ಚಿಲ್ಲದ್ದು. ಎಲೆಯ ಪಕ್ಕದಲ್ಲಿ, ಅದೇ ಬೆಳಕಿನಲ್ಲಿ, ಒಂದು ತುಂಡು ಬಿಳಿ ಕಾಗದವನ್ನು ಚಿತ್ರದ ಮೂಲೆಯಲ್ಲಿ ಬರುವಂತೆ ಇಡಿ. ಚಿತ್ರದಲ್ಲಿ ಆ ಕಾಗದ ಹಳದಿಯಾಗಿ ಕಂಡರೆ ಎಲೆಯ ಹಳದಿಯಲ್ಲಿಯೂ ಅಷ್ಟು ಪಾಲು ಬೆಳಕಿನದೆಂದು ನೋಡುವವರಿಗೆ ತಿಳಿಯುತ್ತದೆ. ಬೇಕಾದರೆ ಕಾಗದವನ್ನು ಆಧಾರವಾಗಿಟ್ಟು ಬಣ್ಣವನ್ನು ಸರಿಪಡಿಸಿಯೂ ನೋಡಬಹುದು. ಮೂಲೆಯಲ್ಲಿ ಎಂದು ಒತ್ತಿ ಹೇಳಲು ಕಾರಣವಿದೆ. ಹಿನ್ನೆಲೆಯಿಡೀ ಬಿಳಿಯಾದರೆ ಬೆಳಕು ಹೆಚ್ಚಾಯಿತೆಂದು ಕ್ಯಾಮರಾ ಚಿತ್ರವನ್ನು ಕಪ್ಪಾಗಿಸುತ್ತದೆ, ಎಲೆಯ ಕಲೆಗಳು ಆ ಕಪ್ಪಿನಲ್ಲಿ ಸೇರಿಹೋಗುತ್ತವೆ. ಹಿನ್ನೆಲೆಗೆ ಮಾಸಿದ ಬೂದು ಬಣ್ಣದ ಬಟ್ಟೆ ಒಳ್ಳೆಯದು.

ಇದಕ್ಕಿಂತಲೂ ಬೆಲೆಯುಳ್ಳ ಒಂದು ಕ್ರಮವಿದೆ. ಅದೇ ತೋಟದ, ಅದೇ ತಳಿಯ ಆರೋಗ್ಯವಂತ ಎಲೆಯೊಂದನ್ನು ರೋಗದ ಎಲೆಯ ಜೊತೆಯಲ್ಲೇ ಇಟ್ಟು ಒಂದೇ ಚಿತ್ರದಲ್ಲಿ ತೆಗೆಯುವುದು. ಕ್ಯಾಮರಾ ಬಣ್ಣ ತಪ್ಪಿದರೂ ಎರಡಕ್ಕೂ ಸಮನಾಗಿ ತಪ್ಪುತ್ತದೆ. ಎರಡರ ನಡುವಿನ ವ್ಯತ್ಯಾಸ ಉಳಿಯುತ್ತದೆ. ತಜ್ಞರು ನೋಡಬೇಕಾದುದು ಆ ವ್ಯತ್ಯಾಸವನ್ನೇ.

ಬೆಳಕಿಗೆ ತೆಳು ಮೋಡದ ದಿನ, ಬೆಳಗಿನ ಒಂಬತ್ತರಿಂದ ಹನ್ನೊಂದರ ಹೊತ್ತು ಶ್ರೇಷ್ಠ. ಸುಡುಬಿಸಿಲಿದ್ದರೆ ಕೊಡೆಯ ನೆರಳಿನಲ್ಲಿ ತೆಗೆಯಿರಿ, ಆದರೆ ಕೊಡೆ ಕಪ್ಪಗಿರಲಿ. ನೀಲಿ ಟಾರ್ಪಾಲಿನ ಅಡಿಯಲ್ಲಿ ತೆಗೆದ ಎಲೆಗೆ ಟಾರ್ಪಾಲಿನ ನೀಲಿಯೇ ಬಂದಿರುತ್ತದೆ. ಕೆಂಪು ಅಂಗಿ ತೊಟ್ಟು ಎಲೆಯ ಮೇಲೆ ಬಗ್ಗಿದರೂ ಸ್ವಲ್ಪ ಮಟ್ಟಿಗೆ ಹೀಗೆಯೇ.

ಹಳದಿ ಎಲೆ ರೋಗದ ಸಂಶಯವಿದ್ದಲ್ಲಿ ಯಾವ ಯಾವ ಚಿತ್ರ ಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೇರಳದಲ್ಲಿ 1914ರಲ್ಲೇ ಕಾಣಿಸಿಕೊಂಡ ಈ ರೋಗ ಸುಳ್ಯ, ಶೃಂಗೇರಿ, ಕೊಪ್ಪ ಸೀಮೆಯ ಎಷ್ಟೋ ತೋಟಗಳನ್ನು ಬರಿದು ಮಾಡಿರುವುದು ಸದಸ್ಯರಿಗೆ ಗೊತ್ತಿರುವುದೇ. ಇದು ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿಗಳ ತುದಿಯಿಂದ ಶುರುವಾಗಿ ಒಳಕ್ಕೆ ಸರಿಯುತ್ತದೆ. ಆದುದರಿಂದ ಸೋಗೆ ಹೊರಸುತ್ತಿನದೋ ಒಳಸುತ್ತಿನದೋ ತಿಳಿಯುವಂತೆ ಚಂಡೆಯ ಒಂದು ಚಿತ್ರ, ಗರಿಯ ತುದಿಯಿಂದ ಬುಡದವರೆಗೆ ಹಳದಿ ಎಲ್ಲಿ ನಿಂತಿದೆ ಎಂದು ತೋರಿಸುವ ಇನ್ನೊಂದು, ಅಡಿಕೆಯನ್ನು ಅಡ್ಡಕ್ಕೆ ಸೀಳಿ ಒಳತಿರುಳಿನ ಬಣ್ಣ ತೋರಿಸುವ ಮತ್ತೊಂದು ಬೇಕು. ರೋಗದ ಮರದ ಅಡಿಕೆಯ ತಿರುಳು ಕಪ್ಪು ಮಿಶ್ರಿತ ಕಂದಾಗಿರುವುದುಂಟು. ಬುಡದ ಬೇರು ಕೆದಕಿ ಬೇರುತುದಿಯ ಚಿತ್ರ, ಪಕ್ಕದ ಬಸಿಗಾಲುವೆಯ ಚಿತ್ರ ಸಹ ಕಳುಹಿಸಿರಿ. ಇಷ್ಟಾದರೂ ಫೈಟೋಪ್ಲಾಸ್ಮ ಇದೆಯೋ ಇಲ್ಲವೋ ಎಂಬುದು ಪ್ರಯೋಗಾಲಯದ ಪರೀಕ್ಷೆಯಿಂದಲೇ ನಿಶ್ಚಯವಾಗಬೇಕಾದುದು. ಪರೀಕ್ಷೆಗೆ ಮಾದರಿ ಕಳುಹಿಸಬೇಕೇ, ಕಾಲುವೆ ಬಿಡಿಸಿದರೆ ಸಾಕೇ ಎಂಬುದನ್ನು ಮಾತ್ರ ಒಳ್ಳೆಯ ಚಿತ್ರದಿಂದ ತೀರ್ಮಾನಿಸಬಹುದು. ಅದೇನೂ ಸಣ್ಣ ಸಂಗತಿಯಲ್ಲ.

ಕೈ ನಡುಗದಂತೆ

ತೋಟದ ನೆರಳಿನಲ್ಲಿ ಬೆಳಕು ಕಡಿಮೆ. ಕಡಿಮೆ ಬೆಳಕಿಗೆ ಕ್ಯಾಮರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ ಹದಿನೈದನೆಯ ಒಂದು ಭಾಗದಲ್ಲಿ ಕೈಯೂ ಅಲುಗುತ್ತದೆ, ಗಾಳಿಗೆ ಎಲೆಯೂ ಅಲುಗುತ್ತದೆ. ಬೆನ್ನನ್ನು ಮರಕ್ಕೆ ಆನಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ತೆಗೆಯಿರಿ. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಗುಂಡಿ ಒತ್ತುವ ಅದುರೂ ತಪ್ಪುತ್ತದೆ. ಎಲೆಯನ್ನು ಇನ್ನೊಬ್ಬರು ಹಿಂದಿನಿಂದ ಹಲಗೆಗೆ ಒತ್ತಿ ಹಿಡಿದರೆ ಅಲುಗಾಟ ನಿಲ್ಲುವುದಲ್ಲದೆ ಎಲೆ ಚಪ್ಪಟೆಯಾಗಿಯೂ ನಿಲ್ಲುತ್ತದೆ. ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಬಹಳ ತೆಳು. ಎಲೆ ಓರೆಯಾಗಿದ್ದರೆ ಒಂದು ತುದಿ ಸ್ಪಷ್ಟ, ಇನ್ನೊಂದು ಮಸುಕು. ಎಲೆಗೂ ಫೋನಿಗೂ ಸಮಾನಾಂತರವಿರಲಿ. ಪರದೆಯ ಮೇಲೆ ಕಲೆಯಿರುವ ಜಾಗವನ್ನು ಬೆರಳಿನಿಂದ ಮುಟ್ಟಲು ಮರೆಯಬೇಡಿ. ಮುಟ್ಟದಿದ್ದರೆ ಕ್ಯಾಮರಾ ಹಿಂದಿನ ಮರದ ಕಾಂಡವನ್ನು ಹಿಡಿದು ಕೂರುತ್ತದೆ.

ಹಿಂದೆ ಫಿಲ್ಮಿನ ಸುರುಳಿಯಲ್ಲಿ 36 ಚಿತ್ರ. ಒಂದೊಂದಕ್ಕೂ ಕಾಸು, ತೊಳೆಸಿದ ಮೇಲೆಯೇ ಫಲ ತಿಳಿಯುವುದು. ಈಗ ನಾಲ್ಕು ತೆಗೆದರೂ ಒಂದೇ, ನಲವತ್ತು ತೆಗೆದರೂ ಒಂದೇ. ನಾಲ್ಕಾದರೂ ತೆಗೆದು, ಮರದ ಬುಡ ಬಿಟ್ಟು ಹೊರಡುವ ಮೊದಲು ಪ್ರತಿಯೊಂದನ್ನೂ ಪರದೆಯ ಮೇಲೆ ಹಿಗ್ಗಿಸಿ ನೋಡಿ. ಎಲೆಯ ನರ ಗೆರೆಯಂತೆ ಚೂಪಾಗಿ ಕಂಡರೆ ಚಿತ್ರ ಸರಿ. ಸಣ್ಣ ಪರದೆಯಲ್ಲಿ ಹಿಗ್ಗಿಸದೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ಎತ್ತರದ ಮರದ ಚಂಡೆಯನ್ನು ಕೆಳಗಿನಿಂದ ತೆಗೆದಾಗ ಆಕಾಶದ ಬೆಳಕಿಗೆ ಚಂಡೆ ಕರಿಯ ನೆರಳಾಗಿಬಿಡುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಪರದೆಯಲ್ಲಿ ಚಂಡೆಯನ್ನು ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಕ್ಯಾಮರಾದಲ್ಲಾದರೆ ಅಧಿಕ ಒಂದು ಅಥವಾ ಎರಡು ಎಂದು ಇಡಬೇಕು. ಆಕಾಶ ಬೆಳ್ಳಗಾದರೆ ಆಗಲಿ, ನಮಗೆ ಬೇಕಾದುದು ಸೋಗೆ. ಕಪಾಟಿನಲ್ಲಿ ಮರೆತುಹೋದ ಹಳೆಯ ಜೂಮ್ ಕ್ಯಾಮರಾ ಇದ್ದರೆ ಈ ಕೆಲಸಕ್ಕೆ ಹೊರತೆಗೆಯಿರಿ. ಅದರ ಮಸೂರವೇ ಮುಂದೆ ಚಾಚಿ ದೂರದ್ದನ್ನು ಹತ್ತಿರ ತರುವುದರಿಂದ ಹಲವು ಫೋನುಗಳಿಗಿಂತ ಅದೇ ಮೇಲು. ಫೋನನ್ನು ದೋಟಿಯ ತುದಿಗೆ ಕಟ್ಟಿ ಮೇಲೆತ್ತುವವರೂ ಇದ್ದಾರೆ. ಅಲ್ಯುಮಿನಿಯಂ ದೋಟಿಯಂತೆ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆಂಬುದು ನೆನಪಿರಲಿ, ತಂತಿ ಹಾದುಹೋಗುವಲ್ಲಿ ಈ ಸಾಹಸ ಕೂಡದು. ಕೊನೆಗಾರನ ಕೈಗೆ ಫೋನು ಕೊಟ್ಟು ಹತ್ತಿಸುವುದೂ ಬೇಡ, ಅವನ ಎರಡು ಕೈಗಳೂ ಅವನಿಗೆ ಬೇಕು. ಒಂದು ಗರಿಯನ್ನು ಕೊಯ್ದು ಕೆಳಗೆ ತರಲಿ, ಫೋಟೋ ನೆಲದ ಮೇಲೆ ಆಗಲಿ.

ಕಾಫಿ ತೋಟದಲ್ಲಿ

ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡದ ಕಾಂಡದ ಮೇಲೆ ಉಬ್ಬಿದ ಏಣುಗಳು ಕಾಣುತ್ತವೆ. ಕೈಯಾಡಿಸಿದರೆ ತಿಳಿಯುತ್ತದೆ, ಫ್ಲ್ಯಾಶ್ ಹಾಕಿ ನೇರವಾಗಿ ತೆಗೆದ ಚಿತ್ರದಲ್ಲಿ ಮಾತ್ರ ತಿಳಿಯುವುದಿಲ್ಲ. ಎದುರಿನಿಂದ ಬಿದ್ದ ಬೆಳಕು ಉಬ್ಬುತಗ್ಗುಗಳನ್ನೆಲ್ಲ ಅಳಿಸಿಬಿಡುತ್ತದೆ. ಫ್ಲ್ಯಾಶ್ ನಿಲ್ಲಿಸಿ, ಕಾಂಡದ ಪಕ್ಕದಿಂದ, ಬಹುತೇಕ ಕಾಂಡಕ್ಕೆ ತಾಗಿದಂತೆ ಟಾರ್ಚು ಹಿಡಿಸಿ ತೆಗೆದರೆ ಒಂದೊಂದು ಏಣಿಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ಗಿಡ ಕೀಳಬೇಕೇ ಉಳಿಸಬೇಕೇ ಎಂಬ ಪ್ರಶ್ನೆ ಇರುವಾಗ ಇಷ್ಟು ಶ್ರಮ ಹೆಚ್ಚಲ್ಲ.

ಎಲೆ ತುಕ್ಕು ರೋಗಕ್ಕೆ ಎಲೆಯ ಎರಡು ಮುಖಗಳ ಚಿತ್ರವೂ ಬೇಕು. ಮೇಲ್ಮುಖದಲ್ಲಿ ಬರೀ ಮಸುಕು ಹಳದಿ ಕಲೆ, ನಿಜವಾದ ಗುರುತಾದ ಕಿತ್ತಳೆ ಹುಡಿ ಇರುವುದು ಕೆಳಗಡೆ. ಕಾಯಿಕೊರಕದ ತೂತು ಕಾಯಿಯ ಹೊಕ್ಕುಳಲ್ಲಿ ಗುಂಡುಸೂಜಿಯಷ್ಟಿರುವುದರಿಂದ ಕಾಯಿಯ ತುದಿಯನ್ನು ಕ್ಯಾಮರಾಕ್ಕೆ ಮುಖ ಮಾಡಿ, ಅನಂತರ ಸೀಳಿ ಒಳಗಿನ ಬೀಜವನ್ನು ತೆಗೆಯಿರಿ. ಒದ್ದೆ ಎಲೆ, ಒದ್ದೆ ಹಣ್ಣುಗಳ ಹೊಳಪನ್ನು ಬಟ್ಟೆಯಿಂದ ಮೆತ್ತಗೆ ಒತ್ತಿ ಆರಿಸಬೇಕು. ತುಕ್ಕು ಹಿಡಿದ ಎಲೆಯನ್ನು ಮಾತ್ರ ಒರಸಬಾರದು, ಹುಡಿಯೇ ಹೋಗುತ್ತದೆ. ಮಳೆಗಾಲದ ಕೊಳೆರೋಗದಲ್ಲಿ ಕಪ್ಪಾದ ಎಲೆ ಕೊಂಬೆಯಿಂದ ಕಳಚಿದರೂ ಬೀಳದೆ ಬೂಷ್ಟಿನ ಎಳೆಗಳಲ್ಲಿ ನೇತಾಡುತ್ತಿರುತ್ತದೆ. ಆ ನೇತಾಟವೇ ರೋಗದ ಗುರುತು. ಎಲೆಯನ್ನು ಕಿತ್ತು ಮೇಜಿನ ಮೇಲಿಟ್ಟು ತೆಗೆದರೆ ಗುರುತನ್ನೇ ಕಿತ್ತಂತಾಯಿತು.

ಕಳುಹಿಸುವ ಕ್ರಮ

ಬರೀ ಒಂದು ಕಲೆಯ ಚಿತ್ರ ಕಳುಹಿಸಿ ಇದೇನು ಎಂದು ಕೇಳಿದರೆ ಉತ್ತರ ಕಷ್ಟ. ತೋಟದ ನೋಟ, ಮರ ಅಥವಾ ಗಿಡದ ಪೂರ್ಣ ಚಿತ್ರ, ರೋಗ ತಗುಲಿದ ಭಾಗ, ಕೊನೆಗೆ ಕಲೆ, ಹೀಗೆ ದೂರದಿಂದ ಹತ್ತಿರಕ್ಕೆ ಬನ್ನಿ. ಎಲ್ಲಕ್ಕೂ ಮೊದಲು ಒಂದು ಚೀಟಿಯಲ್ಲಿ ಊರು, ತಳಿ, ಮರದ ವಯಸ್ಸು, ಹಿಂದಿನ ಸಿಂಪಡಣೆ ಯಾವಾಗ ಮತ್ತು ಯಾವುದು, ಎಷ್ಟು ಮರಗಳಿಗೆ ಹರಡಿದೆ ಎಂದು ದಪ್ಪಕ್ಷರದಲ್ಲಿ ಬರೆದು ಆ ಚೀಟಿಯದೇ ಒಂದು ಫೋಟೋ ತೆಗೆಯಿರಿ. ಮಾತಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಚೀಟಿಯ ಚಿತ್ರ ಉಳಿದ ಚಿತ್ರಗಳ ಜೊತೆಯಲ್ಲೇ ಇರುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಸಾಧಾರಣ ರೀತಿಯಲ್ಲಿ ಕಳುಹಿಸಿದ ಚಿತ್ರವನ್ನು ಅದು ಕುಗ್ಗಿಸಿ ರವಾನಿಸುತ್ತದೆ. ನಾವು ಇಷ್ಟು ಕಷ್ಟಪಟ್ಟು ಸಂಪಾದಿಸಿದ ಚುಕ್ಕಿಗಳಲ್ಲಿ ಬಹುಪಾಲು ದಾರಿಯಲ್ಲೇ ಸೋರಿಹೋಗುತ್ತವೆ. ಡಾಕ್ಯುಮೆಂಟ್ ಎಂಬುದನ್ನು ಆರಿಸಿ ಕಳುಹಿಸಿದರೆ ಚಿತ್ರ ಇದ್ದಂತೆಯೇ ತಲುಪುತ್ತದೆ. ಸ್ಥಳದ ಗುರುತನ್ನು ಫೋನು ದಾಖಲಿಸುತ್ತಿದ್ದರೆ ಅದೂ ಜೊತೆಯಲ್ಲಿ ಹೋಗುತ್ತದೆಂಬುದನ್ನು ಅರಿತಿರಿ. ತಜ್ಞರಿಗೆ ಅದು ಉಪಯೋಗವೇ, ಊರಿನ ಎಲ್ಲ ಗುಂಪುಗಳಿಗೂ ಹಂಚಬೇಕಾದುದಲ್ಲ.

ಸಂಶಯದ ಮರಗಳಿಗೆ ಬಣ್ಣದಲ್ಲಿ ನಂಬರು ಬರೆದು, ನಿಲ್ಲುವ ಜಾಗದಲ್ಲಿ ಒಂದು ಗೂಟ ಹೊಡೆದು, ತಿಂಗಳಿಗೊಮ್ಮೆ ಅದೇ ಗೂಟದ ಬಳಿ, ಅದೇ ಹೊತ್ತಿಗೆ, ಬಿಳಿ ಕಾಗದ ಸಹಿತ ಫೋಟೋ ತೆಗೆದಿಡುವ ಪದ್ಧತಿಯನ್ನು ಸದಸ್ಯರು ಬೆಳೆಸಿಕೊಳ್ಳಬೇಕೆಂದು ನಮ್ಮ ಆಗ್ರಹ. ಹಳದಿ ಹೆಚ್ಚಿತೋ ನಿಂತಿತೋ ಎಂಬ ವಿಷಯದಲ್ಲಿ ನಮ್ಮ ನೆನಪು ನಂಬತಕ್ಕದ್ದಲ್ಲ. ಕಾಲುವೆ ಬಿಡಿಸಿದ ಆರು ತಿಂಗಳಲ್ಲಿ ಹೊಸ ಸೋಗೆ ಹಸಿರಾಗಿ ಬಂದಿತೇ ಎಂಬುದಕ್ಕೆ ಆರು ಚಿತ್ರಗಳು ಸಾಕ್ಷಿ ಹೇಳುತ್ತವೆ.

ಮಳೆಗಾಲದ ಜೋಪಾನ

ಬೋರ್ಡೋ ದ್ರಾವಣ ತಾಗಿದ ಕೈಯಲ್ಲಿ ಮಸೂರವನ್ನು ಮುಟ್ಟಬಾರದು. ಒಣಗಿದ ಸುಣ್ಣ ಮೈಲುತುತ್ತದ ಹುಡಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಸ್ವಲ್ಪ ತೇವ ಮಾಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರಸಿರಿ. ಎಷ್ಟೋ ಮಸುಕು ಚಿತ್ರಗಳಿಗೆ ಕಾರಣ ಮಸೂರದ ಮೇಲಿನ ಬೆರಳ ಜಿಡ್ಡೇ ಆಗಿರುತ್ತದೆ.

ಮಲೆನಾಡಿನ, ಕರಾವಳಿಯ ತೇವಕ್ಕೆ ಕ್ಯಾಮರಾದ ಮಸೂರದೊಳಗೂ ಬೂಷ್ಟು ಬೆಳೆಯುತ್ತದೆ. ಚರ್ಮದ ಚೀಲದಲ್ಲಿ ಕತ್ತಲ ಕಪಾಟಿನೊಳಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಟ್ಟರೆ ಖಂಡಿತ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ಬಣ್ಣ ಬದಲಿಸುವ ಜಾತಿಯ ಸಿಲಿಕಾ ಜೆಲ್ ತಂದರೆ ತೇವ ಹೀರಿ ತುಂಬಿದ್ದು ತಾನೇ ತೋರಿಸುತ್ತದೆ, ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಡುವುದು ತರವಲ್ಲ, ಹೊಗೆಯ ಜಿಡ್ಡು ಮಸೂರಕ್ಕೆ ಕೂರುತ್ತದೆ. ಬಹುದಿನ ಬಳಸದಿದ್ದರೆ ಬ್ಯಾಟರಿಯನ್ನು ತೆಗೆದಿಡಿ. ಹಾಗೆ ತೆಗೆದಿಟ್ಟ ಕ್ಯಾಮರಾದ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುವುದುಂಟು. ಮಳೆ ಬಿಟ್ಟ ಮೇಲೆ ಮೊದಲ ಚಿತ್ರ ತೆಗೆಯುವ ಮುನ್ನ ಅದನ್ನು ಸರಿಪಡಿಸಿಕೊಳ್ಳಿ.